ಟ್ರಂಕಿನೊಳಗಿನ ತೋಟಾಗಳು

ಕಳೆದ ಮಳೆಗಾಲದ ಒಂದು ಸಂಜೆ, ಡೊಂಬಿವಲಿಯ ನನ್ನ ಮನೆಗೆ ಕಲ್ಯಾಣದ ತರುಣ ಮಿತ್ರರೊಬ್ಬರು ಬಂದು, ಬಾಗಿಲು ಹಾಕಿಸಿ, ದನಿ ತಗ್ಗಿಸಿ ಒಂದು ಸಂಗತಿಯನ್ನು ಅರುಹಿದರು. ಅವರ ತಂದೆ ಬೆಳಗಾವಿಯ ಕಡೆಯವರು. ಸೇನೆಯಲ್ಲಿ ದುಡಿದು, ನಿವೃತ್ತರಾದ ಮೇಲೆ ಇಲ್ಲಿಯೇ ನೆಲೆಸಿದ್ದವರು. ಅವರು ತೀರಿಕೊಂಡ ಬಳಿಕ ಅಟ್ಟದ ಟ್ರಂಕನ್ನು ತೆರೆದಾಗ, ಪಿಂಚಣಿಯ ಕಾಗದಗಳ ಅಡಿಯಲ್ಲಿ ಖಾಕಿ ಬಟ್ಟೆಯ ಪಟ್ಟಿಯೊಂದು, ಅದರ ಐದು ಕಿಸೆಗಳಲ್ಲಿ ಐವತ್ತು ರೈಫಲ್ ತೋಟಾಗಳು ಸಿಕ್ಕವಂತೆ. ಯಾವುದೋ ಕಾಲದಲ್ಲಿ ಗುಜರಿಯವನೊಬ್ಬನಿಂದ ಹಳೆಯ ಸೇನಾ ಸಾಮಾನುಗಳೊಡನೆ ಕೊಂಡು ತಂದದ್ದೆಂದು ತಾಯಿಗೆ ಮಸುಕಾದ ನೆನಪು. ಲೋಹದ ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿ ಮೂವತ್ತು ವರ್ಷ ಕಳೆದವನೆಂಬ ಕಾರಣಕ್ಕೆ ನನ್ನನ್ನು ಹುಡುಕಿಕೊಂಡು ಬಂದಿದ್ದರು. "ಇವುಗಳಲ್ಲಿ ಇನ್ನೂ ಜೀವವಿದೆಯೆ?" ಎಂಬುದಷ್ಟೇ ಅವರ ಪ್ರಶ್ನೆ.

ಹೋಗಿ ನೋಡಿದೆ. ಕೈಯಿಂದ ಮುಟ್ಟಲಿಲ್ಲ, ಟಾರ್ಚಿನ ಬೆಳಕಿನಲ್ಲಿ ಬುಡದ ಅಚ್ಚನ್ನು ಓದಿದೆ. ಕೆ.ಎಫ್. ಎಂದರೆ ಕಿರ್ಕಿಯ ಕಾರ್ಖಾನೆ, ಇಂದಿನ ಪುಣೆಯ ಖಡಕಿ, ೧೮೬೯ರಲ್ಲಿ ಸ್ಥಾಪಿತವಾದದ್ದು. ಪಕ್ಕದಲ್ಲಿ ೪೩ ಎಂಬ ಅಂಕಿ, ರೋಮನ್ ಲಿಪಿಯಲ್ಲಿ ಏಳು. ಅಂದರೆ ನಮ್ಮ ಹಳೆಯ ಪೊಲೀಸರ ಹೆಗಲ ಮೇಲೆ ಎಲ್ಲರೂ ಕಂಡಿದ್ದ 'ತ್ರೀ ನಾಟ್ ತ್ರೀ'ಯ ಏಳನೆಯ ಮಾದರಿ, ೧೯೪೩ರ ಯುದ್ಧಕಾಲದ ತಯಾರಿ. ಹಲವು ತೋಟಾಗಳ ಮೇಲೆ ಹಸಿರು ಕಿಲುಬು ಹತ್ತಿತ್ತು. ನಾಲ್ಕರ ಕೊರಳಿನಲ್ಲಿ, ಗುಂಡನ್ನು ಹಿಡಿದಿರುವ ಕಡೆ, ಕೂದಲೆಳೆಯಷ್ಟು ಸಣ್ಣ ಉದ್ದನೆಯ ಬಿರುಕುಗಳಿದ್ದವು.

ಈ ಬಿರುಕಿಗೆ ನಮ್ಮ ದೇಶದ ಮಳೆಗಾಲದೊಡನೆ ನಂಟಿರುವುದನ್ನು ಇಲ್ಲಿ ಹೇಳದೆ ಇರಲಾರೆ. ಬ್ರಿಟಿಷರ ಸೇನೆ ಮಳೆ ಹಿಡಿದೊಡನೆ ಕಾರ್ಯಾಚರಣೆಗಳನ್ನು ನಿಲ್ಲಿಸಿ, ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇರಿಸುತ್ತಿತ್ತು. ಮಳೆ ತೆರಪಾಗಿ ತೆಗೆದು ನೋಡಿದರೆ ಹಿತ್ತಾಳೆಯ ಚಿಪ್ಪುಗಳು ತಾವಾಗಿಯೇ ಸೀಳಿರುತ್ತಿದ್ದವು. ಋತುಮಾನಕ್ಕೆ ತಕ್ಕಂತೆ ಬರುವ ಈ ರೋಗಕ್ಕೆ 'ಸೀಸನ್ ಕ್ರ್ಯಾಕಿಂಗ್' ಎಂದೇ ಹೆಸರಾಯಿತು. ೧೯೨೧ರಲ್ಲಿ ಮೂವರು ಇಂಗ್ಲಿಷ್ ಲೋಹಶಾಸ್ತ್ರಜ್ಞರು ಅದರ ಮೂಲವನ್ನು ಬಿಡಿಸಿ ತೋರಿಸಿದರು: ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ ಅನಿಲವು, ತಣ್ಣಗೆ ಎಳೆದು ರೂಪಿಸಿದ ಹಿತ್ತಾಳೆಯೊಳಗೆ ಉಳಿದಿರುವ ಬಿಗಿತದೊಡನೆ ಸೇರಿ ಲೋಹವನ್ನು ಸೀಳುತ್ತದೆ. ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತುವಿನ ಆ ಲೋಹವನ್ನು ಹದವಾಗಿ ಕಾಯಿಸಿ ಬಿಗಿತ ಇಳಿಸುವುದೇ ಪರಿಹಾರ. ಕಲ್ಯಾಣದಿಂದ ಮೂರನೆಯ ನಿಲ್ದಾಣವಾದ ಅಂಬರನಾಥದಲ್ಲಿ, ೧೯೫೩ರಿಂದ ಇರುವ ಸರ್ಕಾರಿ ಆಯುಧ ಕಾರ್ಖಾನೆಯಂಥ ಕಡೆ ದುಡಿದವರಿಗೆ ಇದು ಅಕ್ಷರಾಭ್ಯಾಸದಷ್ಟೇ ಪರಿಚಿತ ಪಾಠ.

ಬಿರುಕಾದರೂ ಕಣ್ಣಿಗೆ ಬೀಳುತ್ತದೆ. ಒಳಗಿನ ಕಾರ್ಡೈಟ್ ಬೀಳುವುದಿಲ್ಲ. ನೈಟ್ರೋಗ್ಲಿಸರಿನ್ ಬೆರೆತ ಆ ಮದ್ದು ಸೆಕೆಯಲ್ಲಿ ವರ್ಷಗಟ್ಟಲೆ ಕುಳಿತರೆ ನಿಧಾನವಾಗಿ ಕೆಡುತ್ತದೆ. ಹೊರಗೆ ಹೊಳೆಯುವ ತೋಟಾ ಒಳಗೆ ಹಳಸಿರಬಹುದು, ಕಿಲುಬು ಹಿಡಿದದ್ದು ನೆಟ್ಟಗೆ ಸಿಡಿಯಲೂಬಹುದು. ಸೇನೆ ಒಂದೊಂದು ತೋಟಾವನ್ನು ನೋಡಿ ತೀರ್ಪು ಕೊಡುವುದಿಲ್ಲ. ತಂಡದ ಸಂಖ್ಯೆ, ದಾಸ್ತಾನಿನ ದಾಖಲೆ, ಮಾದರಿ ತೆಗೆದು ಹಾರಿಸಿದ ಫಲಿತಾಂಶ, ಇವುಗಳ ಮೇಲೆ ನಿರ್ಧರಿಸುತ್ತದೆ. ಅಟ್ಟದ ಟ್ರಂಕಿಗೆ ಇವು ಯಾವುವೂ ಇಲ್ಲ. ಆದ್ದರಿಂದ "ಜೀವವಿದೆಯೆಂದೇ ತಿಳಿಯಿರಿ" ಎಂದೆ.

ಮಿತ್ರರು ಆಗಲೇ ಮೂರು ದಾರಿ ಯೋಚಿಸಿದ್ದರು: ಶೀಳ್ ಫಾಟಾದ ಗುಜರಿಗೆ ಹಿತ್ತಾಳೆಯ ತೂಕಕ್ಕೆ ಹಾಕುವುದು, ರಾತ್ರಿ ಖಾಡಿಯ ನೀರಿಗೆ ಎಸೆಯುವುದು, ಇಲ್ಲವೆ ಊರಿಗೆ ಒಯ್ದು ಹೂಳುವುದು. ಮೊದಲನೆಯದೇ ಎಲ್ಲಕ್ಕಿಂತ ಘೋರ. ೨೦೦೪ರಲ್ಲಿ ಗಾಜಿಯಾಬಾದ್ ಬಳಿಯ ಸಾಹಿಬಾಬಾದಿನ ಉಕ್ಕಿನ ಕಾರ್ಖಾನೆಯಲ್ಲಿ, ವಿದೇಶದಿಂದ ಬಂದ ಗುಜರಿಯೊಳಗಿದ್ದ ಸಿಡಿತಲೆಗಳು ಸ್ಫೋಟಿಸಿ ಕಾರ್ಮಿಕರು ಸತ್ತರು. ಆಮೇಲೆ ಸರ್ಕಾರ ಎಚ್ಚೆತ್ತುಕೊಂಡು ನಿಯಮ ಬಿಗಿಗೊಳಿಸಿತು. ನವಿ ಮುಂಬಯಿಯ ಪಕ್ಕದ ನ್ಹಾವಾ ಶೇವಾ ಬಂದರಿನಲ್ಲಿ ಇಳಿಯುವ, ಚೂರಾಗಿಸದ ಲೋಹದ ಗುಜರಿಯೊಳಗೆ ಶಸ್ತ್ರ, ತೋಟಾ, ಸಿಡಿತಲೆಗಳಿಲ್ಲವೆಂದು ಹಡಗೇರುವ ಮುನ್ನವೇ ಪರೀಕ್ಷೆಯ ಪ್ರಮಾಣಪತ್ರ ಬೇಕು. ಹೊರದೇಶದ ಕಂಟೇನರಿಗೆ ಇಷ್ಟು ವ್ಯವಸ್ಥೆ. ನಮ್ಮ ಮನೆಯ ಅಟ್ಟಕ್ಕೆ?

ಇಲ್ಲಿಯೇ ನನ್ನ ತಕರಾರು. ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯ ೨೧ನೆಯ ಕಲಮಿನ ಪ್ರಕಾರ, ಒಮ್ಮೆ ನ್ಯಾಯಸಮ್ಮತವಾಗಿದ್ದ ಸ್ವಾಧೀನ ತಪ್ಪಿಹೋದಾಗ ಆಯುಧವನ್ನು, ತೋಟಾವನ್ನು ಹತ್ತಿರದ ಪೊಲೀಸ್ ಠಾಣೆಯಲ್ಲಿ ಒಪ್ಪಿಸಬಹುದು. ಆದರೆ ಎಂದೂ ಲೈಸೆನ್ಸಿಲ್ಲದೆ ಗುಜರಿಯಿಂದ ಬಂದದ್ದಕ್ಕೆ? ೩೦೩ ಬೋರಿನದು ಸೇನೆಯ ತೋಟಾ; ಸಾಮಾನ್ಯ ಲೈಸೆನ್ಸಿಗೂ ನಿಲುಕದ್ದು. ಸ್ವಾಧೀನವೆಂದರೆ ಅರಿವಿನೊಡನೆ ಇರುವ ಸ್ವಾಧೀನ ಎಂದು ಸರ್ವೋಚ್ಚ ನ್ಯಾಯಾಲಯ ೧೯೭೨ರಲ್ಲಿಯೇ ಹೇಳಿದೆ. ಒಳ್ಳೆಯ ಮಾತು. ಆದರೆ ಟ್ರಂಕು ಮುಚ್ಚಿರುವ ತನಕ ನಿರಪರಾಧಿಯಾದ ಮಗ, ಅದನ್ನು ತೆರೆದ ಮರುಗಳಿಗೆಯಿಂದ ಅರಿತವನಾಗುತ್ತಾನೆ! ಪ್ರಾಮಾಣಿಕನಾಗಿ ಠಾಣೆಗೆ ಹೋದವನೇ ತನ್ನ ಅರಿವಿಗೆ ಸಾಕ್ಷಿ ಒದಗಿಸಿದಂತೆ. ಹೀಗಿರುವಾಗ ಖಾಡಿಯ ದಾರಿ ಹಿಡಿಯುವವರನ್ನು ದೂರಲು ನನಗೆ ಮನಸ್ಸು ಬಾರದು.

(ಕೊಡಗಿನ ಮಿತ್ರರು ತಪ್ಪು ತಿಳಿಯಬಾರದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಕೋವಿಯ ವಿನಾಯಿತಿಯನ್ನು ಕೇಂದ್ರವು ೨೦೧೯ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು, ೨೦೨೧ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಅದು ಪರಂಪರೆಯ ಮಾತು. ಗುಜರಿಯಿಂದ ಬಂದ ತೋಟಾದ ಮಾತಲ್ಲ.)

ನಾವು ವಕೀಲರೊಬ್ಬರಿಂದ ಮರಾಠಿಯಲ್ಲಿ ಅರ್ಜಿ ಬರೆಸಿ, ಮರಣ ಪ್ರಮಾಣಪತ್ರದ ಪ್ರತಿ ಲಗತ್ತಿಸಿ, ತೋಟಾಗಳನ್ನು ಇದ್ದಲ್ಲಿಯೇ ಬಿಟ್ಟು ಬರಿಗೈಯಲ್ಲಿ ಹೋದೆವು. ಮೊದಲ ಠಾಣೆಯವರು ಸರಹದ್ದು ತಮ್ಮದಲ್ಲವೆಂದರು. ಎರಡನೆಯ ಕಡೆ ಮೂರು ತಾಸು ಕೂರಿಸಿ, ಸತ್ತ ತಂದೆಯ ಬಗ್ಗೆ ಕೇಳಬಾರದ ಪ್ರಶ್ನೆಗಳನ್ನು ಕೇಳಿದರು. ನಾಲ್ಕು ದಿನ ಬಿಟ್ಟು ಬಂದು ಪಂಚನಾಮೆ ಮಾಡಿ ಒಯ್ದರು. ಮೊಕದ್ದಮೆ ಆಗಲಿಲ್ಲ. ಆದರೆ ಅದು ಅಧಿಕಾರಿಯೊಬ್ಬರ ಸಜ್ಜನಿಕೆಯಿಂದ, ಕಾನೂನಿನ ಕೃಪೆಯಿಂದಲ್ಲ.

ಆಸ್ಟ್ರೇಲಿಯಾ ೨೦೨೧ರ ಜುಲೈಯಿಂದ ಕಾಯಂ ಕ್ಷಮಾದಾನದ ಪದ್ಧತಿ ತಂದಿದೆ: ಹೆಸರು ಹೇಳದೆಯೇ ಆಯುಧ, ತೋಟಾಗಳನ್ನು ಒಪ್ಪಿಸಬಹುದು. ನಮ್ಮಲ್ಲಿಯೂ ಲೈಸೆನ್ಸಿನ ಹೆಚ್ಚುವರಿ ಕೋವಿಗಳನ್ನು ಒಪ್ಪಿಸಲು ೨೦೧೯ರ ತಿದ್ದುಪಡಿ ಒಂದು ವರ್ಷದ ಅವಧಿ ಕೊಟ್ಟಿತ್ತು. ಕೋವಿಗೆ ಕೊಟ್ಟ ಅವಕಾಶವನ್ನು ವಾರಸುದಾರನ ಟ್ರಂಕಿಗೆ ಏಕೆ ಕೊಡಬಾರದು? ಠಾಣೆ, ಕಲ್ಯಾಣ, ನವಿ ಮುಂಬಯಿಗಳ ಕನ್ನಡ ಸಂಘಗಳು ಮರಾಠಿ ಬಾಂಧವರೊಡನೆ ಕೂಡಿ ಈ ಬೇಡಿಕೆಯನ್ನು ಗೃಹ ಇಲಾಖೆಯ ಮುಂದಿಡಬೇಕು. ಸೇನೆಯಲ್ಲಿದ್ದ ಹಿರಿಯರ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ, ಅವರ ಟ್ರಂಕುಗಳೂ.

ಪಂಚನಾಮೆಯ ದಿನ ಮಿತ್ರರು ತಂದೆಯ ನೆನಪಿಗೆಂದು ಆ ಖಾಕಿ ಪಟ್ಟಿಯನ್ನಾದರೂ ಬಿಟ್ಟುಕೊಡಿರೆಂದು ಕೇಳಿದರು. ಅದನ್ನೂ ಪಟ್ಟಿಯಲ್ಲಿ ಬರೆದುಕೊಂಡು ಒಯ್ದರು. ನಾವು ಬರೆಸಿದ್ದ ಅರ್ಜಿಯ ನಕಲನ್ನು ಸಂಘದ ಕಚೇರಿಯಲ್ಲಿ ಇಟ್ಟಿದ್ದೇನೆ. ಬೇಕಾದವರು ಕೇಳಿ ಪಡೆಯಬಹುದು, ಹೆಸರನ್ನು ಯಾರೂ ಕೇಳುವುದಿಲ್ಲ.