ಬ್ರೆಡ್ಡಿಗೆ ನೀವೇನಂತೀರಿ?

ಕ್ರೊಯೇಷಿಯಾ ಅಂದ್ರೆ ನಮ್ಮ ಹಾಸ್ಟೆಲಲ್ಲಿ ಮೋಡ್ರಿಚ್, ಅಷ್ಟೇ. ದುಬ್ರಾವ್ಕಾ ಉಗ್ರೇಶಿಚ್ ಬರೆದ ‘ದ ಮಿನಿಸ್ಟ್ರಿ ಆಫ್ ಪೇನ್’ ಕಾದಂಬರಿ ಕೈಗೆ ಸಿಗೋವರೆಗೂ ನನಗೂ ಅಷ್ಟೇ ಆಗಿತ್ತು. ಓದಿದ್ದು ಇಂಗ್ಲಿಷಲ್ಲೇ. ಆದ್ರೆ ಕನ್ನಡ ಸಂಘದಲ್ಲಿ ಇರೋರು ಓದಲೇಬೇಕಾದ ಲೇಖಕಿ ಇವರು ಅನ್ನೋದು ನನ್ನ ವಾದ.

ಉಗ್ರೇಶಿಚ್ ಹುಟ್ಟಿದ್ದು 1949ರಲ್ಲಿ, ಕುಟಿನಾ ಅನ್ನೋ ಊರಲ್ಲಿ. ಆಗ ಅದು ಯುಗೊಸ್ಲಾವಿಯಾ. ಝಾಗ್ರೆಬ್ ವಿಶ್ವವಿದ್ಯಾಲಯದಲ್ಲಿ ಓದಿ ಅಲ್ಲೇ ಕೆಲಸಕ್ಕೆ ಸೇರಿದರು. 1981ರಲ್ಲಿ ಬಂದ ‘ಸ್ಟೆಫಿ ಸ್ಪೆಕ್’ ಕಥೆ ಸಖತ್ ತಮಾಷೆಯಾಗಿದೆ. ಟೈಪಿಸ್ಟ್ ಹುಡುಗಿಯೊಬ್ಬಳು ಪ್ರೀತಿ ಹುಡುಕ್ತಾಳೆ. ಲೇಖಕಿ ಮಾತ್ರ ಅದನ್ನ ಬಟ್ಟೆ ಹೊಲಿಯೋ ಥರ, ಎಲ್ಲಿ ಕತ್ತರಿಸಬೇಕು, ಎಲ್ಲಿ ನೆರಿಗೆ ಹಿಡೀಬೇಕು ಅಂತ ಗುರುತು ಹಾಕಿ ಬರೀತಾರೆ. 1988ರಲ್ಲಿ ಬೆಲ್‌ಗ್ರೇಡಿನ ನಿನ್ ಪ್ರಶಸ್ತಿ ಬಂತು. ಅದನ್ನ ಪಡೆದ ಮೊದಲ ಮಹಿಳೆ ಇವರೇ. ಝಾಗ್ರೆಬ್ ಲೇಖಕಿಗೆ ಬೆಲ್‌ಗ್ರೇಡ್ ಪ್ರಶಸ್ತಿ!

ಮೂರು ವರ್ಷದಲ್ಲಿ ದೇಶವೇ ಒಡೆದು ಯುದ್ಧ ಶುರುವಾಯ್ತು. ಸರ್ಬೋ-ಕ್ರೊಯೇಷಿಯನ್ ಅಂತಿದ್ದ ಭಾಷೆ ಕ್ರೊಯೇಷಿಯನ್, ಸರ್ಬಿಯನ್, ಬೋಸ್ನಿಯನ್ ಆಯ್ತು. ಬ್ರೆಡ್ಡಿಗೆ ‘ಕ್ರುಹ್’ ಅಂದ್ರೆ ಕ್ರೊಯೇಷಿಯಾ ಕಡೆಯವರು, ‘ಹ್ಲೆಬ್’ ಅಂದ್ರೆ ಸರ್ಬಿಯಾ ಕಡೆಯವರು. ಬೇಕರಿಯಲ್ಲಿ ಬಾಯಿ ಬಿಟ್ಟರೆ ನೀವು ಯಾರ ಪಕ್ಷ ಅಂತ ಗೊತ್ತಾಗೋ ಸ್ಥಿತಿ.

ಉಗ್ರೇಶಿಚ್ ಎರಡೂ ಕಡೆಯ ರಾಷ್ಟ್ರವಾದವನ್ನ ಬೈದು ಬರೆದರು. 1992ರಲ್ಲಿ ಝಾಗ್ರೆಬ್‌ನ ವಾರಪತ್ರಿಕೆಯೊಂದು ಇವರನ್ನೂ ಸೇರಿಸಿ ಐದು ಜನ ಮಹಿಳೆಯರನ್ನ ‘ಮಾಟಗಾತಿಯರು’ ಅಂತ ಕರೆದು, ಮದುವೆ ಆಗಿದೆಯಾ, ಯಾವ ಜನಾಂಗ ಅಂತೆಲ್ಲಾ ಪಟ್ಟಿ ಹಾಕಿತು. ಮರುವರ್ಷ ದೇಶ ಬಿಟ್ಟರು. ಕೊನೆಗೆ ಆಮ್‌ಸ್ಟರ್‌ಡ್ಯಾಮಲ್ಲಿ ನೆಲೆಸಿ, 2023ರಲ್ಲಿ ಅಲ್ಲೇ ತೀರಿಕೊಂಡರು.

ಊರ ಮೇಲೆ ಶೆಲ್ ಬೀಳೋವಾಗ ಇಂಥದ್ದನ್ನ ಬರೀಬೇಕಿತ್ತಾ ಅಂತ ಕೇಳೋರಿದ್ದಾರೆ. 1991ರಲ್ಲಿ ವುಕೊವಾರ್ ನಗರ ಮಣ್ಣುಪಾಲಾಗಿತ್ತು, ಅಲ್ಲಿನವರ ಸಿಟ್ಟು ಅರ್ಥ ಆಗುತ್ತೆ. ಆದ್ರೆ ಶೆಲ್ ಹಾಕಿದ್ದು ಈ ಐದು ಹೆಂಗಸರಲ್ಲವಲ್ಲ.

‘ಮಿನಿಸ್ಟ್ರಿ ಆಫ್ ಪೇನ್’ನಲ್ಲಿ ತಾನ್ಯಾ ಅನ್ನೋ ಮೇಡಂ ಆಮ್‌ಸ್ಟರ್‌ಡ್ಯಾಮಲ್ಲಿ, ಇಲ್ಲದ ದೇಶದ ಸಾಹಿತ್ಯ ಪಾಠ ಮಾಡ್ತಾರೆ. ಕ್ಲಾಸಲ್ಲಿ ಸರ್ಬ್, ಕ್ರೊಯೇಷಿಯನ್, ಬೋಸ್ನಿಯನ್ ಎಲ್ಲರೂ ಇದ್ದಾರೆ. ವೀಸಾ ಸಿಗಲಿ ಅಂತ ಅಡ್ಮಿಷನ್ ಮಾಡಿಸಿದವರು. ಯಾವ ಪದ ಸರಿ ಅಂತ ಜಗಳಕ್ಕೆ ಬಿಡದೆ ಮೇಡಂ ಅವರಿಂದ ಹಳೇ ನೆನಪುಗಳನ್ನ ಹೇಳಿಸ್ತಾರೆ, ಬರೆಸ್ತಾರೆ. ಅವೆಲ್ಲಾ ಒಂದು ಕಾಲ್ಪನಿಕ ಚೀಲಕ್ಕೆ. ಯಾವ ಚೀಲ ಗೊತ್ತಾ? ಕೆಂಪು-ಬಿಳಿ-ನೀಲಿ ಪಟ್ಟೆಯ ಪ್ಲಾಸ್ಟಿಕ್ ಚೀಲ! ನಾವು ಹಾಸ್ಟೆಲಿಗೆ ಹಾಸಿಗೆ ತುಂಬಿಕೊಂಡು ಬಂದಿದ್ದು ಅಂಥದ್ದರಲ್ಲೇ. ಅಲ್ಲಿಗೆ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ನನ್ನ ಕನ್ನಡ ಇಂಗ್ಲಿಷ್ ಮೀಡಿಯಂ ಕನ್ನಡ. ಒತ್ತಕ್ಷರ ತಪ್ಪುತ್ತೆ. ‘ನೀನೆಂಥಾ ಕನ್ನಡದವನು’ ಅಂತ ಕೇಳಿಸಿಕೊಂಡಿದ್ದೀನಿ. ಅಲ್ಲಿ ನಡೆದದ್ದಕ್ಕೂ ಇದಕ್ಕೂ ಹೋಲಿಕೆ ಮಾಡೋದು ತಪ್ಪು, ಅಲ್ಲಿ ಜನ ಸತ್ತರು. ಆದರೂ ನಮ್ಮ ಸಂಘಕ್ಕೆ ಹೊಸಬರು ಬಂದಾಗ ಮೊದಲು ಉಚ್ಚಾರಣೆ ತಿದ್ದೋಕೆ ಹೋಗ್ತೀವಲ್ಲ, ಅದನ್ನ ಬಿಡೋಣ. ಅವರ ಚೀಲದಲ್ಲಿ ಏನಿದೆ ಅಂತ ಮೊದಲು ಕೇಳೋಣ. ಉತ್ತರ ಅರ್ಧ ಹಿಂದಿಯಲ್ಲಿ ಬಂದ್ರೂ ಬರಲಿ.

ಇನ್ನೊಂದು ತಮಾಷೆ: ಈ ಲೇಖನಕ್ಕೆ ಮೊದಲು ‘ಕ್ರೊಯೇಷಿಯಾದ ಲೇಖಕಿ’ ಅಂತ ತಲೆಬರಹ ಕೊಟ್ಟಿದ್ದೆ. ಆ ಲೇಬಲ್ ಬೇಡ ಅಂತ ಜೀವನಪೂರ್ತಿ ಜಗಳ ಆಡಿದವರಿಗೆ! ತೆಗೆದು ಹಾಕಿದೆ.

ಇಂಟರ್ನಲ್ಸ್ ಮುಗಿದ ಮೇಲೆ ಓದೋರು ‘ಸ್ಟೆಫಿ ಸ್ಪೆಕ್’ನಿಂದ ಶುರು ಮಾಡಿ, ಚಿಕ್ಕದು. ‘ಮಿನಿಸ್ಟ್ರಿ’ ನನ್ನ ಹತ್ರ ಇದೆ, ಕೇಳಿದ್ರೆ ಕೊಡ್ತೀನಿ. ವಾಪಸ್ ಕೊಡಿ ಮಾತ್ರ.