ಮಂದಣ್ಣನೂ ಗಡ್ಡಪ್ಪನೂ

1980ರಲ್ಲಿ ಪ್ರಕಟವಾದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯ ಮಂದಣ್ಣನು, ಮೂಡಿಗೆರೆಯ ಸುತ್ತಣ ಕಾಡುಗಳಲ್ಲಿ ಜೇನು ಅರಸುತ್ತ ಅಲೆದು, ಜೀವವಿಕಾಸದ ಅತಿ ಪ್ರಾಚೀನ ರಹಸ್ಯವನ್ನು ಮೈಯಲ್ಲಿ ಹೊತ್ತ ಹಾರುವ ಓತಿಯನ್ನು ಕಣ್ಣಾರೆ ಕಂಡವನು. ಆದರೂ ಆತನ ಪರಮ ಮನೋರಥವೆಂದರೆ ಸರಕಾರದಲ್ಲಿ ಒಂದು ಜವಾನನ ಕೆಲಸ, ಅದರ ಬೆನ್ನಿಗೆ ಒಂದು ಮದುವೆ. ತಾನು ಕಂಡುದರ ಬೆಲೆ ಆತನಿಗೆ ತಿಳಿಯದು. ಆತನ ಬೆಲೆ ಊರಿಗೆ ತಿಳಿಯದು. ಕಳ್ಳಭಟ್ಟಿಯ ಮೊಕದ್ದಮೆಯಲ್ಲಿ ಸಿಲುಕಿ ಪೇಚಾಡುವ ಆ ಹುಡುಗನಲ್ಲಿ ಹುಟ್ಟು ನಿಸರ್ಗವಿಜ್ಞಾನಿಯೊಬ್ಬನು ಇರುವನೆಂಬುದನ್ನು ವಿಜ್ಞಾನಿ ಕರ್ವಾಲೊ ಒಬ್ಬರೇ ಬಲ್ಲರು. ಮೊದಮೊದಲು ನಾವು ನಗುವುದು ಜವಾನಗಿರಿಗೆ ಹಂಬಲಿಸುವ ಮಂದಣ್ಣನನ್ನು ಕಂಡೇ ಸರಿ. ಪುಟಗಳು ಸರಿದಂತೆ ಆ ನಗೆ ದಿಕ್ಕು ಬದಲಿಸಿ, ಅಂಥ ಕಣ್ಣುಳ್ಳವನಿಗೆ ಜವಾನಗಿರಿಗಿಂತ ಮಿಗಿಲಾದ ಆಸೆಯನ್ನು ಕಲಿಸಲಾರದೆ ಹೋದ ನಮ್ಮ ಸಮಾಜದ ಕಡೆಗೆ ತಿರುಗುತ್ತದೆ.

ವಿಜ್ಞಾನಿ, ಛಾಯಾಗ್ರಾಹಕ, ಮರ ಹತ್ತುವುದರಲ್ಲಿ ನಿಪುಣನಾದ ಬಿರಿಯಾನಿ ಕರಿಯಪ್ಪ, ಕಿವಿ ಎಂಬ ನಾಯಿ, ಇಷ್ಟು ದೊಡ್ಡ ದಂಡು ಸಕಲ ಸನ್ನಾಹದೊಡನೆ ಕಾಡು ಹೊಕ್ಕರೂ ಓತಿಯು ಕಡೆಗೆ ಅವರ ಕೈಗೆ ಸಿಕ್ಕದೆ ಕಮರಿಯ ಮೇಲೆ ತೇಲಿ ಹೋಗುತ್ತದೆ. ಅಷ್ಟು ದೂರ ಅವರೊಡನೆ ನಕ್ಕು ನಡೆದ ಓದುಗನಿಗೆ ಅದರಿಂದ ವ್ಯಸನವಾಗುವ ಬದಲು ಹರ್ಷವೇ ಆಗುವುದೆಂಬುದನ್ನು ತೇಜಸ್ವಿಯವರ ಹಾಸ್ಯದ ಅತ್ಯುನ್ನತ ಸಿದ್ಧಿಯೆಂದು ನಾನು ಎಣಿಸುತ್ತೇನೆ.

ಚಲನಚಿತ್ರಗಳಲ್ಲಿ ಇಂಥದೇ ನಗೆ ನನಗೆ ದೊರೆತದ್ದು, ಮಂಡ್ಯ ಸೀಮೆಯ ಹಳ್ಳಿಗರೇ ಪಾತ್ರಧಾರಿಗಳಾಗಿ ನಿಂತ, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪುರಸ್ಕೃತವಾದ, ರಾಮ್ ರೆಡ್ಡಿಯವರ ‘ತಿಥಿ’ಯಲ್ಲಿ. ನೂರೊಂದು ವರ್ಷದ ಸೆಂಚುರಿ ಗೌಡನು ತೀರಿಕೊಂಡಂದಿನಿಂದ ಹನ್ನೊಂದನೆಯ ದಿನದ ತಿಥಿಯವರೆಗೆ ನಡೆಯುವ ಕಥೆ ಅದು. ಸತ್ತವನ ಜಮೀನನ್ನು ಬೇಗನೆ ಮಾರಿಬಿಡಬೇಕೆಂಬ ಆತುರದಿಂದ ಮೊಮ್ಮಗ ತಮ್ಮಣ್ಣನು, ಬದುಕಿರುವ ತನ್ನ ತಂದೆ ಗಡ್ಡಪ್ಪನಿಗೇ ಮರಣ ಪ್ರಮಾಣಪತ್ರ ಮಾಡಿಸಿ, ಕೈಗೆ ದುಡ್ಡು ಕೊಟ್ಟು ದೇಶಸಂಚಾರಕ್ಕೆ ಕಳುಹಿಸುತ್ತಾನೆ. ಗಡ್ಡಪ್ಪನಾದರೋ ದೇಶ ನೋಡುವ ಗೋಜಿಗೆ ಹೋಗದೆ ಕುರಿಗಾಹಿಗಳ ಬಿಡಾರದಲ್ಲಿ ನೆಮ್ಮದಿಯಾಗಿ ತಂಗುತ್ತಾನೆ. ಜಮೀನಿಗಾಗಿ ಹಗಲಿರುಳು ಓಡಾಡುವ ಮಗನಿಗೆ ಇಲ್ಲದ ಶಾಂತಿ, ಬೀಡಿ ಬ್ರಾಂದಿಗಳ ಹೊರತು ಇನ್ನೇನನ್ನೂ ಬಯಸದ ತಂದೆಗೆ ಇರುವುದನ್ನು ಕಂಡು ಚಿತ್ರಮಂದಿರ ನಗುತ್ತದೆ.

ಈ ನಿಶ್ಚಿಂತೆಯನ್ನು ಬರಿಯ ಸೋಮಾರಿತನವೆಂದು ಬಗೆದವರು, ಕುರಿಗಾಹಿಗಳೆದುರು ಗಡ್ಡಪ್ಪನು ತನ್ನ ಪೂರ್ವವೃತ್ತಾಂತವನ್ನು ಹೇಳುವ ಸನ್ನಿವೇಶವನ್ನು ಮತ್ತೊಮ್ಮೆ ನೋಡಬೇಕು. ತನ್ನ ಮನೆಯಲ್ಲಿಯೇ, ಹೆತ್ತ ತಂದೆಯಿಂದಲೇ, ತನ್ನ ದಾಂಪತ್ಯಕ್ಕೆ ಒದಗಿದ ದ್ರೋಹವನ್ನು ಆತನು ಯಾರನ್ನೂ ದೂಷಿಸದೆ ಹೇಳಿ ಮುಗಿಸುವಾಗ, ಆ ತಂದೆಯ ಜಮೀನು ಆತನಿಗೆ ಏತಕ್ಕೆ ಬೇಡವಾಯಿತೆಂಬುದು ವಿದಿತವಾಗುತ್ತದೆ. ಅದನ್ನು ಕೇಳಿದ ತರುವಾಯವೂ ನಾವು ಗಡ್ಡಪ್ಪನನ್ನು ಕಂಡು ನಗುತ್ತೇವೆ. ಆದರೆ ಆ ನಗೆಯಲ್ಲಿ ಅಷ್ಟು ಹೊತ್ತಿಗೆ ಪ್ರೀತಿಯೂ ಗೌರವವೂ ಬೆರೆತಿರುತ್ತವೆ.

ಇವರಿಬ್ಬರಲ್ಲಿ ನನ್ನ ಮನಸ್ಸು ಗಡ್ಡಪ್ಪನ ಕಡೆಗೇ ಹೆಚ್ಚು ವಾಲುತ್ತದೆ. ಮಂದಣ್ಣನನ್ನು ಗುರುತಿಸಲು ಕರ್ವಾಲೊ ಇದ್ದರು. ಗಡ್ಡಪ್ಪನ ಮಾತಿಗೆ ಕಿವಿಗೊಡಲು ಊರೂರು ಅಲೆಯುವ ಕುರಿಗಾಹಿಗಳು ಬರಬೇಕಾಯಿತು.