ಅರ್ಧ ಅಂಕ ಹೋರಿಗೆ, ಪೂರ್ತಿ ಹೊಣೆ ಯಾರಿಗೆ?

ಕುಪ್ಪಳಿಸುವ ಹೋರಿಯ ಬೆನ್ನ ಮೇಲೊಬ್ಬ ಸವಾರ. ಕೂರಬೇಕಾದ್ದು ಎಂಟೇ ಸೆಕೆಂಡು. ಅದರೊಳಗೆ ಬಿದ್ದರೆ ಸೊನ್ನೆ. ಅಮೆರಿಕದ ಈ ಆಟದ ದೃಶ್ಯಗಳು ಈಗ ಮೊಬೈಲಿನಲ್ಲಿ ನಮ್ಮ ಹಟ್ಟಿಯ ಬಾಗಿಲಿಗೂ ಬಂದಿವೆ. ನೋಡಿದವರಲ್ಲಿ ಎರಡು ಬಗೆ. 'ಅಬ್ಬ, ಎಂಥಾ ಎದೆಗಾರಿಕೆ' ಅನ್ನುವವರು ಕೆಲವರು. 'ಪಾಪದ ಪ್ರಾಣಿಗೆ ಹಿಂಸೆ' ಅನ್ನುವವರು ಇನ್ನು ಕೆಲವರು. ದನ ಕಟ್ಟಿ ಸಾಕುವ ನಾವು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಇಂಥ ಹಬ್ಬದಿಂದ ಹೋರಿಗೇನು, ಅದನ್ನು ಸಾಕಿದವನಿಗೇನು, ಊರಿಗೇನು?

ಒಂದು ಊರನ್ನೇ ಹಿಡಿದು ನೋಡೋಣ. ಅಮೆರಿಕದ ವಾಯವ್ಯದಲ್ಲಿರುವ ಒರೆಗಾನ್ ರಾಜ್ಯದ ಪೆಂಡಲ್ಟನ್. ಜನಸಂಖ್ಯೆ ಸುಮಾರು 17 ಸಾವಿರ. ಸುತ್ತ ಗೋಧಿ ಹೊಲ, ಹುಲ್ಲುಗಾವಲು. ಇಲ್ಲಿ 1910ರಲ್ಲಿ ಶುರುವಾದ ಹಬ್ಬದ ಹೆಸರು 'ರೌಂಡ್ ಅಪ್'. ಮೇಯಲು ಬಿಟ್ಟ ದನಗಳನ್ನು ಸುತ್ತುವರಿದು ಒಟ್ಟು ಮಾಡುವುದು ಎಂದರ್ಥ. ನಡೆಯುವುದು ಸೆಪ್ಟೆಂಬರ್ ನಡುವಿಗೆ, ಗೋಧಿ ಕೊಯ್ಲು ಮುಗಿದ ಮೇಲೆ. ರೈತನ ಕೈ ಬಿಡುವಾದಾಗ ಹಬ್ಬ ಎಂಬ ಲೆಕ್ಕ ಅಲ್ಲಿಯೂ ಉಂಟು ನೋಡಿ!

ಹಬ್ಬವನ್ನು ನಡೆಸುವುದು ಲಾಭದ ಉದ್ದೇಶವಿಲ್ಲದ ಊರಿನದೇ ಸಂಘ. ನಿರ್ದೇಶಕರು ಸಂಬಳವಿಲ್ಲದೆ ದುಡಿಯುವ ಊರವರು. ಆ ಭಾಗದ ಮೂಲನಿವಾಸಿಗಳಾದ ಉಮಟಿಲ್ಲಾ, ಕೆಯೂಸ್, ವಾಲಾ ವಾಲಾ ಜನ ಮೈದಾನದ ಪಕ್ಕದಲ್ಲೇ ನೂರಾರು ಟೀಪಿ ಡೇರೆ ಹಾಕಿ ವಾರವಿಡೀ ಉಳಿಯುತ್ತಾರೆ. ಇಷ್ಟು ವರ್ಷಗಳಲ್ಲಿ ಹಬ್ಬ ತಪ್ಪಿದ್ದು ಮಹಾಯುದ್ಧದಿಂದಾಗಿ 1942, 1943ರಲ್ಲಿ, ಮತ್ತೆ ಕೊರೋನಾದಿಂದಾಗಿ 2020ರಲ್ಲಿ. ಸಣ್ಣ ಊರೊಂದು ನೂರು ವರ್ಷಕ್ಕೂ ಮಿಕ್ಕಿ ಒಂದು ಹಬ್ಬವನ್ನು ಹೊರಗಿನ ಕಂಪೆನಿಗೆ ಬಿಟ್ಟುಕೊಡದೆ ಉಳಿಸಿಕೊಂಡಿದೆ ಅಂದರೆ ಅದು ಸಣ್ಣ ಮಾತಲ್ಲ.

ಪರಂಪರೆ ಯಾವುದು, ಆಟ ಯಾವುದು?

ಈ ಬಗೆಯ ಪಂದ್ಯಕ್ಕೆ ಅಲ್ಲಿ 'ರೋಡಿಯೋ' ಅನ್ನುತ್ತಾರೆ. ಮೂಲ ಸ್ಪಾನಿಶ್ ಪದ, ಸುತ್ತುವರಿಯುವುದು ಎಂದೇ ಅರ್ಥ. ಕುದುರೆಯ ಮೇಲಿಂದ ಹಗ್ಗ ಬೀಸಿ ಕರು ಹಿಡಿಯುವುದು, ಇಬ್ಬರು ಸೇರಿ ಎತ್ತಿನ ಕೋಡಿಗೂ ಹಿಂಗಾಲಿಗೂ ಕುಣಿಕೆ ಹಾಕುವುದು, ಕಾಡು ಕುದುರೆಯನ್ನು ಪಳಗಿಸುವುದು - ಇವೆಲ್ಲ ದನಗಾಹಿಗಳ ನಿತ್ಯದ ಕೆಲಸ. ಬರೆ ಹಾಕಿ ಗುರುತು ಮಾಡಲು, ಗಾಯಕ್ಕೆ ಮದ್ದು ಹಚ್ಚಲು ಕರು ಹಿಡಿಯಲೇಬೇಕಿತ್ತು. ಆ ಕೆಲಸ ಪಂದ್ಯವಾಯಿತು. ಇದನ್ನು ಪರಂಪರೆ ಅನ್ನಲು ಅಡ್ಡಿಯಿಲ್ಲ.

ಹೋರಿ ಸವಾರಿ ಹಾಗಲ್ಲ. ಹೋರಿಯ ಬೆನ್ನೇರಿ ಯಾವ ದನಗಾಹಿಯೂ ಯಾವ ಕೆಲಸವನ್ನೂ ಮಾಡಿದ್ದಿಲ್ಲ. ಮೆಕ್ಸಿಕೋದ ಜಾತ್ರೆಗಳಲ್ಲಿ ಮೋಜಿಗಾಗಿ ನಡೆಯುತ್ತಿದ್ದ ಆಟ ಗಡಿ ದಾಟಿ ಬಂದದ್ದು. ಆದರೆ ಇವತ್ತು ರೋಡಿಯೋಗಳಲ್ಲಿ ಜನ ಕಾದು ಕೂರುವುದು ಅದಕ್ಕೇ. ಕೆಲಸದಿಂದ ಹುಟ್ಟಿದ್ದಕ್ಕಿಂತ ಕೆಲಸವೇ ಅಲ್ಲದ್ದಕ್ಕೆ ಗಿರಾಕಿ ಹೆಚ್ಚು. ಪರಂಪರೆಯ ಹೆಸರಲ್ಲಿ ಟಿಕೇಟು ಮಾರುವ ಎಲ್ಲ ಕಡೆಯೂ ಈ ಜಾರುವಿಕೆ ಇದ್ದದ್ದೇ.

ಇನ್ನೊಂದು ಮಾತು. ಸಿನೆಮಾದ ಕೌಬಾಯ್ ಯಾವಾಗಲೂ ಬಿಳಿಯ. ನಿಜದ ದನಗಾಹಿಗಳಲ್ಲಿ ಕಪ್ಪು ಜನ, ಮೆಕ್ಸಿಕೋದವರು, ಮೂಲನಿವಾಸಿಗಳು ಬೇಕಾದಷ್ಟಿದ್ದರು. 1911ರಲ್ಲಿ ಇದೇ ಪೆಂಡಲ್ಟನ್‌ನಲ್ಲಿ ಕುದುರೆ ಸವಾರಿಯ ಅಂತಿಮ ಪಂದ್ಯ. ಕಪ್ಪು ಸವಾರ ಜಾರ್ಜ್ ಫ್ಲೆಚರ್ ಗೆದ್ದನೆಂದೇ ಪ್ರೇಕ್ಷಕರ ಲೆಕ್ಕ. ತೀರ್ಪುಗಾರರು ಮೊದಲ ಸ್ಥಾನ ಕೊಟ್ಟದ್ದು ಬಿಳಿಯ ಜಾನ್ ಸ್ಪೇನ್‌ಗೆ. ಆಗ ಅಲ್ಲಿನ ಪೊಲೀಸ್ ಅಧಿಕಾರಿ ಟಿಲ್ ಟೇಲರ್ ಫ್ಲೆಚರ್‌ನ ಟೋಪಿಯನ್ನೇ ಚೂರು ಮಾಡಿ ಜನರಿಗೆ ಮಾರಿ, ಬಂದ ಹಣವನ್ನು ಅವನಿಗೆ ಕೊಡಿಸಿದ. ಐದು ವರ್ಷ ಕಳೆದು, 1916ರಲ್ಲಿ, ನೆಜ್ ಪರ್ಸ್ ಬುಡಕಟ್ಟಿನ ಜಾಕ್ಸನ್ ಸನ್‌ಡೌನ್ ಐವತ್ತು ದಾಟಿದ ಪ್ರಾಯದಲ್ಲಿ ಅದೇ ಪಂದ್ಯ ಗೆದ್ದ. ಈಗ ಊರಿನ ಮುಖ್ಯರಸ್ತೆಯಲ್ಲಿ ಫ್ಲೆಚರ್‌ನ ಕಂಚಿನ ಪ್ರತಿಮೆ ಇದೆ. ತಡವಾದರೂ ಒಪ್ಪಿಕೊಂಡರಲ್ಲ!

ಹೋರಿ ಹಾರುವುದು ಯಾಕೆ?

'ಬೀಜಕ್ಕೆ ಹಗ್ಗ ಬಿಗಿಯುತ್ತಾರಂತೆ, ಅದಕ್ಕೇ ಹಾರುವುದು' ಎಂಬ ಮಾತು ಪ್ರಪಂಚದೆಲ್ಲೆಡೆ ಇದೆ. ಅದು ಸರಿಯಲ್ಲ. ಹಗ್ಗ ಕಟ್ಟುವುದು ನಿಜ. ಕಟ್ಟುವ ಜಾಗ ಹಿಂದೊಡೆಯ ಮುಂದೆ, ಹೊಟ್ಟೆಯ ಸುತ್ತ. ಬೀಜಕ್ಕೆ ಅದು ತಾಗುವುದಿಲ್ಲ. ಹಗ್ಗದ ಕಿರಿಕಿರಿಗೆ ಹೋರಿ ಹಿಂಗಾಲು ಝಾಡಿಸುತ್ತದೆ. ಆದರೆ ಹಗ್ಗ ಕಟ್ಟಿದ ಮಾತ್ರಕ್ಕೆ ಎಲ್ಲ ಹೋರಿಯೂ ಹಾಗೆ ಹಾರುವುದಿಲ್ಲ. ಹಾರುವ ಗುಣ ಹುಟ್ಟಿನಿಂದ ಬರಬೇಕು. ಅದಕ್ಕೆಂದೇ ತಳಿ ಅಭಿವೃದ್ಧಿ, ವಂಶಾವಳಿ ದಾಖಲೆ, ಡಿಎನ್‌ಎ ಪರೀಕ್ಷೆ ಎಲ್ಲ ಇವೆ. ನಾವು ಹಾಲು ನೋಡಿ ಕರು ಆರಿಸಿದ ಹಾಗೆ ಅವರು ಕುಪ್ಪಳಿಕೆ ನೋಡಿ ಆರಿಸುತ್ತಾರೆ.

ಅಂಕದ ಕ್ರಮ ನನಗೆ ಇಷ್ಟವಾದದ್ದು. ಒಟ್ಟು ನೂರು ಅಂಕ. ಐವತ್ತು ಸವಾರನಿಗೆ, ಐವತ್ತು ಹೋರಿಗೆ. ಸವಾರ ಒಂದೇ ಕೈಯಲ್ಲಿ ಹಗ್ಗ ಹಿಡಿಯಬೇಕು, ಇನ್ನೊಂದು ಕೈ ಹೋರಿಗಾಗಲೀ ತನ್ನ ಮೈಗಾಗಲೀ ತಾಗಿದರೆ ಪಂದ್ಯದಿಂದ ಹೊರಗೆ. ಸೋಮಾರಿ ಹೋರಿ ಸಿಕ್ಕಿದರೆ ಸವಾರ ಎಷ್ಟೇ ಚೆನ್ನಾಗಿ ಕೂತರೂ ಪ್ರಯೋಜನ ಕಡಿಮೆ. ಹೀಗಾಗಿ ಒಳ್ಳೆಯ ಹೋರಿಗೆ ಹೆಸರಿದೆ, ಬೆಲೆಯಿದೆ, ಮೇವು-ಮದ್ದಿನ ಆರೈಕೆಯಿದೆ. ಕಂಬಳದ ಕೋಣ ಸಾಕುವವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಂತ ಎಲ್ಲವೂ ಚಂದ ಅನ್ನಲಾರೆ. 1989ರ ಜುಲೈ 30ರಂದು ವಯೋಮಿಂಗ್ ರಾಜ್ಯದ ಶಯೆನ್ ಊರಿನ ಪಂದ್ಯದಲ್ಲಿ, 25ರ ಹರೆಯದ ಚಾಂಪಿಯನ್ ಲೇನ್ ಫ್ರಾಸ್ಟ್ ಎಂಟು ಸೆಕೆಂಡು ಪೂರೈಸಿ ಕೆಳಗಿಳಿದ. ಹೋರಿ ತಿರುಗಿ ಬೆನ್ನಿಗೆ ಹಾಯಿತು. ಪಕ್ಕೆಲುಬು ಮುರಿದು ಕಣದಲ್ಲೇ ಸತ್ತ. ಆಮೇಲೆ ಅವನ ಗೆಳೆಯ ಕೋಡಿ ಲ್ಯಾಂಬರ್ಟ್ ಎದೆ-ಬೆನ್ನು ಕಾಯುವ ಅಂಗಿ ತಯಾರಿಸಿದ. ಹೋರಿ ಸವಾರರೇ 1992ರಲ್ಲಿ ಕಟ್ಟಿದ ಪಿಬಿಆರ್ ಸಂಸ್ಥೆಯ ಪಂದ್ಯಗಳಲ್ಲಿ ಈಗ ಆ ಅಂಗಿ ಕಡ್ಡಾಯ. 1994ರ ಅಕ್ಟೋಬರ್ ನಡುವಿನ ನಂತರ ಹುಟ್ಟಿದ ಸವಾರರಿಗೆ ಹೆಲ್ಮೆಟ್ಟೂ ಕಡ್ಡಾಯ. ಜೀವ ಹೋದ ಮೇಲೆ ನಿಯಮ ಬರುವುದು ಎಲ್ಲ ದೇಶಗಳ ಕಥೆ ಅಂತ ಕಾಣುತ್ತದೆ.

'ಬೊಡೇಶಿಯಸ್' ಎಂಬ ಹೋರಿಯದ್ದು ಇನ್ನೊಂದು ಕಥೆ. 1995ರಲ್ಲಿ ಹೆಸರುವಾಸಿ ಸವಾರರ ಮುಖವನ್ನೇ ಜಜ್ಜಿಹಾಕಿತು. ಕೀರ್ತಿಯ ತುದಿಯಲ್ಲಿದ್ದಾಗಲೇ ಯಜಮಾನ ಅದನ್ನು ಕಣದಿಂದ ಹೊರಗಿಟ್ಟ. ಕೈಗೆ ಬರುವ ದುಡ್ಡು ಬಿಟ್ಟು 'ಇನ್ನು ಸಾಕು' ಅಂದನಲ್ಲ, ದನ ಸಾಕುವವನಿಗೆ ಇರಬೇಕಾದ ಗುಣ ಅದು. ಇನ್ನೊಂದೆಡೆ, ಇಂಗ್ಲೆಂಡಿನಲ್ಲಿ 1934ರಷ್ಟು ಹಿಂದೆಯೇ ಕಾನೂನು ತಂದು ಇಂಥ ಹಗ್ಗ ಕಟ್ಟಿ ಹಾರಿಸುವುದನ್ನು ನಿಷೇಧಿಸಿದರು. ಆಕ್ಷೇಪ ಇವತ್ತು ನಿನ್ನೆಯದಲ್ಲ. ಆಕ್ಷೇಪಿಸುವವರೆಲ್ಲ ದನದ ಗಂಧಗಾಳಿ ಇಲ್ಲದವರು ಎಂದು ತಳ್ಳಿಹಾಕುವುದೂ ಸರಿಯಲ್ಲ.

ಆ ಹೋರಿಯಲ್ಲಿ ನಮ್ಮ ರಕ್ತ

ಈ ಹಾರುವ ಹೋರಿಗಳ ಹೆಗಲು ನೋಡಿ. ಎಷ್ಟೋ ಹೋರಿಗಳಿಗೆ ಡುಬ್ಬ ಇದೆ, ಜೋಲುವ ಗಂಗೆದೊಗಲು ಇದೆ. ಯುರೋಪಿನ ದನಕ್ಕೆ ಇವೆಲ್ಲಿಂದ? ನಮ್ಮಿಂದ ಹೋದದ್ದು! ಅಮೆರಿಕದ ದಕ್ಷಿಣ ಭಾಗದ ಸೆಕೆ, ಉಣ್ಣಿಗಳ ಕಾಟ ಯುರೋಪಿನ ತಳಿಗಳಿಗೆ ತಡೆಯಲಿಲ್ಲ. ಹತ್ತೊಂಬತ್ತನೇ ಶತಮಾನದ ನಡುವಿನಿಂದಲೇ ಭಾರತದ ದನ ತರಿಸಿದರು. 1906ರಲ್ಲಿ ಟೆಕ್ಸಾಸಿಗೆ ಹೋರಿಗಳ ದೊಡ್ಡ ಹಿಂಡೇ ಹೋಯಿತು. ಕಾಂಕ್ರೇಜ್, ಓಂಗೋಲ್, ಗಿರ್, ಜತೆಗೆ ನಮ್ಮದೇ ಕೃಷ್ಣಾ ವ್ಯಾಲಿ - ಇವನ್ನು ಕೂಡಿಸಿ ಕಟ್ಟಿದ ತಳಿಗೆ 'ಬ್ರಾಹ್ಮನ್' ಎಂದು ಹೆಸರಿಟ್ಟು 1924ರಲ್ಲಿ ಸಂಘ ಮಾಡಿಕೊಂಡರು. ತಂದ ದನ ಮುನ್ನೂರಕ್ಕೂ ಕಡಿಮೆ. ಇವತ್ತು ಅದರ ರಕ್ತ ಅಲ್ಲಿನ ಮಾಂಸದ ದನದಲ್ಲೂ ಇದೆ, ಕಣದ ಹೋರಿಯಲ್ಲೂ ಇದೆ.

ಇತ್ತ ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ಎರೆಭೂಮಿಯನ್ನು ಎಳೆದು ಉತ್ತ ಆ ದೊಡ್ಡ ಎತ್ತು ಏನಾಯಿತು? ಟ್ರ್ಯಾಕ್ಟರ್ ಬಂತು, ನೇಗಿಲು ಮೂಲೆ ಸೇರಿತು. ಕೃಷ್ಣಾ ವ್ಯಾಲಿಯ ಸಂಖ್ಯೆ ತೀರ ಇಳಿದು, ಉಳಿಸುವುದು ಹೇಗೆಂದು ಚಿಂತಿಸುವ ಹಂತಕ್ಕೆ ಬಂದಿದೆ. ಸಾಕುವ ರೈತನನ್ನು ದೂರಿ ಫಲವಿಲ್ಲ. ಕೆಲಸವಿಲ್ಲದ ಎತ್ತಿಗೆ ವರ್ಷವಿಡೀ ಹುಲ್ಲು ಹಾಕಲು ಸಣ್ಣ ಹಿಡುವಳಿದಾರನಿಂದ ಆದೀತೇ?

ನನ್ನ ಮಾತಿನ ತಿರುಳು ಇಷ್ಟೇ. ಜಾನುವಾರು ಉಳಿಯುವುದು ಭಾಷಣದಿಂದಲ್ಲ, ಮೆರವಣಿಗೆಯಿಂದಲ್ಲ. ಅದಕ್ಕೊಂದು ಕೆಲಸ ಇರಬೇಕು, ಸಾಕುವವನಿಗೆ ನಾಲ್ಕು ಕಾಸು ಗಿಟ್ಟಬೇಕು. ಪೆಂಡಲ್ಟನ್‌ನಿಂದ ಕಲಿಯಬೇಕಾದ್ದು ಹೋರಿಯ ಬೆನ್ನೇರುವ ಸಾಹಸವನ್ನಲ್ಲ. ಅದು ನಮಗೆ ಬೇಡ. ಕಲಿಯಬೇಕಾದ್ದು ಮೂರು. ಹಬ್ಬದ ಲಗಾಮು ಊರವರ ಕೈಯಲ್ಲೇ ಇರಲಿ. ಅಂಕದಲ್ಲಿ ಅರ್ಧ ಪ್ರಾಣಿಗೆ ಸಿಗುವ ಹಾಗೆ, ಆದಾಯದಲ್ಲೂ ಒಂದು ಪಾಲು ಅದನ್ನು ಸಾಕಿದವನ ಹಟ್ಟಿಗೆ ಬರಲಿ. ಮೂರನೆಯದು, ಪ್ರಾಣಿಗೂ ಮನುಷ್ಯನಿಗೂ ಆಗುವ ನೋವಿನ ಪ್ರಶ್ನೆಯನ್ನು ಹೊರಗಿನವರು ಎತ್ತುವ ಮೊದಲು ನಾವೇ ಎತ್ತಿ, ನಾವೇ ನಿಯಮ ಮಾಡಿಕೊಳ್ಳೋಣ.

ನಿಮ್ಮ ಊರಿನ ಜಾತ್ರೆಯಲ್ಲಿ, ದನದ ಪ್ರದರ್ಶನದಲ್ಲಿ ಸಾಕುವವನ ಪಾಲೆಷ್ಟು? ಲೆಕ್ಕ ಹಾಕಿ ನೋಡಿ. ಬಹುಮಾನದ ಫಲಕ ಗೋಡೆಗೆ ತೂಗಬಹುದು, ಗೋದಲಿ ತುಂಬುವುದಿಲ್ಲ.